ಖಾಲಿ ಕುರ್ಚಿಯ ಬ್ಲೈಂಡ್

ಫೆಬ್ರವರಿ ೧೩

ತಮ್ಮಾ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ. ಸಿಟ್ಟು ಮಾಡಿಕೊಂಡು ಎದ್ದು ಹೋದವರು ಯಾವಾಗಲೂ ಕ್ಷೇಮ, ಉಳಿದವರಿಗೇ ಹೊಟ್ಟೆಯುರಿ. ಎಷ್ಟು ಸಲ ಫೋನು ಮಾಡಿದರೂ ಎತ್ತಲಿಲ್ಲ. ಅದಕ್ಕೇ ನಿನ್ನ ಸ್ನೇಹಿತನಿಂದ ವಿಳಾಸ ಇಸಿದುಕೊಂಡು ಈ ಕಾಗದ. ಅರ್ಧಕ್ಕೆ ಶಾಲೆ ಬಿಟ್ಟವಳ ಅಕ್ಷರ ಇದು, ತಪ್ಪು ಹುಡುಕುತ್ತಾ ಕೂರಬೇಡ. ವಿಷಯ ನೋಡು.

ನೀನು ಎದ್ದು ಹೋದದ್ದು ಯಾವುದಕ್ಕೆ? ಕೋಟಿನ ಎರಡು ಗುಂಡಿಗೆ, ಇಸ್ಪೀಟಿನಲ್ಲಿ ದುಡ್ಡಿನ ಬದಲು ಇಡುವ ಗುಂಡಿಗೆ. ಆಸ್ತಿಗೆ ಜಗಳವಾಡಿ ಮನೆ ಬಿಟ್ಟವರನ್ನು ನೋಡಿದ್ದೇನೆ, ಹೆಂಡತಿ ಮಾತು ಕೇಳಿ ಬಿಟ್ಟವರನ್ನೂ ನೋಡಿದ್ದೇನೆ. ಗುಂಡಿಗೆ ಬಿಟ್ಟವನು ನೀನೊಬ್ಬನೇ.

ಆಟದ ನಡುವೆ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದವನು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ದೊಡ್ಡ ಬ್ಲೈಂಡ್ ಇಡುವ ಸರದಿ ನಿನ್ನದಾಗಿತ್ತು. ನಾನು, ನಿನ್ನ ಅಣ್ಣ ಕಾದೆವು. ಆಮೇಲೆ ನಾನು ಕೈ ಚಾಚಿ ನಿನ್ನ ರಾಶಿಯಿಂದ ಎರಡು ಗುಂಡಿ ಎತ್ತಿ ಮೇಜಿನ ನಡುವೆ ಇಟ್ಟೆ. ಬಂದವನೇ ಏನಂದೆ? "ನನ್ನ ಗುಂಡಿ ಮುಟ್ಟೋಕೆ ನೀನ್ಯಾರು?" ನಿನಗೆ ಸೂಜಿಗೆ ದಾರ ಪೋಣಿಸಲು ಕಲಿಸಿದವಳು ನಾನು. ನಾನ್ಯಾರಂತೆ!

ಗೊತ್ತಿಲ್ಲದವನ ಹಾಗೆ ಆಡಿದೆಯಲ್ಲ, ಹಾಗಾದರೆ ಮಗುವಿಗೆ ಹೇಳುವ ಹಾಗೆ ಹೇಳುತ್ತೇನೆ, ಕೇಳು. ಎಲೆ ಹಂಚಿದವನ ಎಡಗಡೆ ಕೂತವನು ಚಿಕ್ಕ ಬ್ಲೈಂಡ್ ಇಡಬೇಕು. ಅವನ ಪಕ್ಕದವನು ಅದರ ಎರಡರಷ್ಟು ದೊಡ್ಡ ಬ್ಲೈಂಡ್ ಇಡಬೇಕು. ಎಲೆ ಕೈಗೆ ಬರುವ ಮುಂಚೆಯೇ ಇಡಬೇಕು. ಎಕ್ಕ ಬಂತೋ ಎರಡು ಬಂತೋ ನೋಡಿಕೊಂಡು ಇಡುವುದಲ್ಲ. ಒಂದೊಂದು ಸುತ್ತು ಮುಗಿದ ಹಾಗೆ ಸರದಿ ಮುಂದಕ್ಕೆ ಸರಿಯುತ್ತದೆ, ಯಾರಿಗೂ ಬಿಡುಗಡೆ ಇಲ್ಲ. ಅಪ್ಪ ಏನು ಹೇಳುತ್ತಿದ್ದ? "ಬ್ಲೈಂಡ್ ಇಲ್ದಿದ್ರೆ ಎಲ್ರೂ ಒಳ್ಳೆ ಎಲೆ ಬರ್ಲಿ ಅಂತ ಕಾಯ್ಕೊಂಡು ಕೂತ್ಬಿಡ್ತಾರೆ. ಕಾಯೋದು ಆಟ ಅಲ್ಲ ಕಣ್ರೋ." ಆಟಗಾರ ಎದ್ದು ಹೋದರೂ ಅವನ ಬ್ಲೈಂಡ್ ಎದ್ದು ಹೋಗುವುದಿಲ್ಲ. ಅಪ್ಪ ಮೂತ್ರಕ್ಕೆ ಹೋದಾಗ ನಾವು ಅವನ ರಾಶಿಯಿಂದ ಎತ್ತಿಡುತ್ತಿರಲಿಲ್ಲವೇ? ಅವನೇನು ಮನೆ ಬಿಟ್ಟು ಹೋದನೇ?

ನೆನಪಿರಲಿ, ಇದು ಹೊತ್ತು ಕಳೆಯುವ ಆಟವಲ್ಲ. ಅಕ್ಟೋಬರಿನಲ್ಲಿ ಅಪ್ಪನ ಹೊಲಿಗೆ ಅಂಗಡಿಯ ಬಾಡಿಗೆ ಕರಾರು ಹೊಸದಾಗಿ ಬರೆಯುವಾಗ ಒಬ್ಬರ ಹೆಸರು ಮಾತ್ರ ಬರೆಯುವುದು ಅಂತ ಕಟ್ಟಡದ ಯಜಮಾನ ಕೆಮ್ಮಿ ಕೆಮ್ಮಿ ಹೇಳಿಯಾಗಿದೆ. ಮೂವರೂ ತಿಂಗಳುಗಟ್ಟಲೆ ಕಚ್ಚಾಡಿದೆವು. ಕೊನೆಗೆ ನಿನ್ನ ಅಣ್ಣನೇ ಅಂದ, ಅಪ್ಪನ ಆಟದಲ್ಲೇ ತೀರ್ಮಾನ ಆಗಲಿ, ಎಲ್ಲ ಗುಂಡಿ ಯಾರ ಮುಂದೆ ಸೇರುತ್ತದೋ ಅಂಗಡಿ ಅವರದು. ನೀನೂ ತಲೆಯಾಡಿಸಿದೆ. ಅವನು ಗೆದ್ದರೆ ಹೊಲಿಗೆ ಮಿಷನ್ನು ಗುಜರಿಗೆ ಹಾಕಿ ಫೋನಿನ ಕವಚ ಮಾರುತ್ತಾನೆ. ನನಗೆ ಈ ಹೊಲಿಗೆ ಬಿಟ್ಟು ಬೇರೆ ಏನೂ ಬರುವುದಿಲ್ಲ.

ಗುಂಡಿಯ ರಾಶಿಯಲ್ಲಿ ಮುಕ್ಕಾಲು ಪಾಲು ನಿನ್ನ ಮುಂದೆಯೇ ಇತ್ತು. ಗೆಲ್ಲುತ್ತಿದ್ದವನು ಎದ್ದು ಹೋದ! ಇಂಥ ಮೂರ್ಖನನ್ನು ನಾನು ನೋಡಿಲ್ಲ. ಆಟ ನಿಲ್ಲಿಸುವುದಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಷಟರ್ ಅರ್ಧ ಎಳೆದು ನಿನ್ನ ಕುರ್ಚಿಗೂ ಎಲೆ ಹಂಚುತ್ತೇವೆ, ನಿನ್ನ ಬ್ಲೈಂಡ್ ಎತ್ತಿಡುತ್ತೇವೆ, ಆಡುವವನಿಲ್ಲ ಅಂತ ನಿನ್ನ ಎಲೆ ಬಿಚ್ಚದೆ ಎಸೆದು ಸುತ್ತು ಬಿಟ್ಟುಕೊಡುತ್ತೇವೆ. ರಾಶಿ ಕರಗಿದ ಮೇಲೆ ಅಳಬೇಡ.

ನಿನ್ನ ಅಕ್ಕ


ಮಾರ್ಚ್ ೧೧

ತಮ್ಮಾ,

ಉತ್ತರ ಬರೆಯುವುದಕ್ಕೆ ಕೈಗೇನು ಲಕ್ವ ಹೊಡೆದಿದೆಯೇ?

ತಿಂಗಳ ಮೊದಲ ಭಾನುವಾರ ಬ್ಲೈಂಡ್ ಏರಿತು. ಮೊದಲು ಎರಡು ಹೋಗುತ್ತಿದ್ದ ಕಡೆ ಈಗ ನಾಲ್ಕು ಹೋಗುತ್ತಿವೆ. ನಿನ್ನ ಅಣ್ಣನಿಗೆ ಹಬ್ಬ. ನಿನ್ನ ದೊಡ್ಡ ಬ್ಲೈಂಡ್ ಮುಂದೆ ಬಿದ್ದ ಕೂಡಲೇ ಎಲೆ ಸಹ ನೋಡದೆ ಪಣ ಏರಿಸುತ್ತಾನೆ. ಖಾಲಿ ಕುರ್ಚಿ ಎದುರು ನಿಲ್ಲುತ್ತದೆಯೇ? ಬಾಚಿಕೊಳ್ಳುತ್ತಾನೆ.

"ನಾಚ್ಕೆ ಆಗಲ್ವೇನೋ?" ಅಂದೆ.

"ಯಾಕಕ್ಕಾ ನಾಚ್ಕೆ? ದಾರೀಲಿ ಬಿದ್ದಿರೋದನ್ನ ಎತ್ಕೊಳ್ಳೋದು ಕಳ್ಳತನಾನಾ?"

"ದಾರೀಲಿ ಬಿದ್ದಿಲ್ಲ. ಅವನ ಮುಂದೆ ಇದೆ."

"ಅವನೆಲ್ಲಿದಾನೆ ತೋರ್ಸು. ಮೇಜಿನ ಕೆಳಗಾ?" ಅಂತ ಬಗ್ಗಿ ಬೇರೆ ನೋಡಿದ, ಹಲ್ಲು ಕಿರಿದ. ಕೈಯಲ್ಲಿದ್ದ ಅಳತೆಯ ಟೇಪಿನಿಂದ ಎರಡು ಬಾರಿಸಿದೆ.

ಅಂಗಡಿಯ ಸುದ್ದಿ ಕೇಳು. ಬ್ಯಾಂಡಿನವರ ಕೋಟುಗಳು ಹೊಲಿಯಲು ಬಂದಿವೆ, ಕಡುಗೆಂಪು ಮಖಮಲ್ಲು. ಬಟ್ಟೆಯ ನವಿರು ಯಾವ ಕಡೆ ಒರಗುತ್ತದೆ ಅಂತ ನೀನು ಅಂಗೈ ಸವರಿ ಹೇಳುತ್ತಿದ್ದೆ. ನಾನು ಸವರಿದರೆ ಎರಡೂ ಕಡೆ ಒಂದೇ ಅನ್ನಿಸುತ್ತದೆ, ಅಂಗೈ ಅಷ್ಟು ದಡ್ಡುಗಟ್ಟಿದೆ. ಒಂದು ತೋಳು ತಲೆಕೆಳಗಾಗಿ ಕತ್ತರಿಸಿಬಿಟ್ಟೆ. ಬೆಳಕಿಗೆ ಹಿಡಿದರೆ ಒಂದು ತೋಳು ಕೆಂಪು, ಇನ್ನೊಂದು ಕಪ್ಪು. ತುತ್ತೂರಿಯವನು ಬಂದು, "ಏನಮ್ಮಾ, ಒಂದು ತೋಳು ಬಿಸಿಲಿಗೆ, ಒಂದು ನೆರಳಿಗೆ ಅಂತಾನಾ?" ಅಂದ. ಅವನಿಗೂ ಬೈದೆ. ತಪ್ಪು ನನ್ನದೇ, ಆದರೂ ಬೈದೆ.

ನಿನ್ನ ಗುಂಡಿ ಕರಗುತ್ತಿವೆ. ಹೇಳುವುದು ನನ್ನ ಧರ್ಮ, ಹೇಳಿದ್ದೇನೆ.

ಅಕ್ಕ


ಮಾರ್ಚ್ ೨೯

ಅಕ್ಕಾ,

ಎರಡೂ ಕಾಗದ ತಲುಪಿವೆ. ಇಲ್ಲಿ ಉಡುಪಿನ ಕಾರ್ಖಾನೆಯೊಂದರಲ್ಲಿದ್ದೇನೆ. ನೂರು ಪದರ ಬಟ್ಟೆ ಒಂದರ ಮೇಲೊಂದು ಹಾಸುತ್ತಾರೆ, ನಾನು ಯಂತ್ರದ ಅಲಗಿನಿಂದ ಒಂದೇ ಸಲಕ್ಕೆ ಕತ್ತರಿಸುತ್ತೇನೆ. ಕೈಗೆ ಉಕ್ಕಿನ ಬಲೆಯ ಕವಚ ಕೊಟ್ಟಿದ್ದಾರೆ. ಯಾರ ಅಂಗಿ ಎಂದು ಗೊತ್ತಿಲ್ಲ, ಯಾರೂ ಬಂದು ಬಗಲು ಬಿಗಿ ಅನ್ನುವುದಿಲ್ಲ. ಆರಾಮ.

ನಿನ್ನ ಆಟದ ನಿಯಮ ನನಗೆ ಬಾಯಿಪಾಠ. ಎದ್ದು ಹೋಗಿದ್ದು ಗುಂಡಿಗಲ್ಲ. ಅವತ್ತಿನ ಫೋನು ಈ ಕಾರ್ಖಾನೆಯವರದ್ದು. ಬರುತ್ತೀಯಾ ಅಂತ ಕೇಳುತ್ತಿದ್ದರು. ಒಂದು ದಿನ ಯೋಚಿಸಿ ಹೇಳುತ್ತೇನೆ ಅಂದಿದ್ದೆ. ನನ್ನ ಜನ್ಮದಲ್ಲಿ ಯಾರಾದರೂ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಒಳಗೆ ಬಂದು ನೋಡಿದರೆ ನನ್ನ ಪಾಲಿನದನ್ನು ಎತ್ತಿ ನಡುವೆ ಇಟ್ಟಿದ್ದೀಯ. ನಿಮ್ಮದು ಯಾವಾಗಲೂ ಇದೇ. ಓದು ಬಿಡಿಸಿ ಕಟಿಂಗ್ ಮೇಜಿನ ಮುಂದೆ ನಿಲ್ಲಿಸಿದಾಗ ಅಪ್ಪ ಕೇಳಿದನಾ? ನೀನು ಕೇಳಿದೆಯಾ? ರೆಡಿಮೇಡ್ ಅಂಗಿ ಇಡೋಣ ಅಂದಾಗ ನೀನೂ ಅಣ್ಣನೂ ನಕ್ಕಿರಿ. ಆಮೇಲೆ ಅಂಗಡಿಯನ್ನೇ ಜೂಜಿಗಿಟ್ಟಾಗ ನಾನು ತಲೆಯಾಡಿಸಿದೆನಂತೆ. ತಲೆಯಾಡಿಸದೆ ಇನ್ನೇನು ಮಾಡಬೇಕಿತ್ತು, ಬೈಸಿಕೊಳ್ಳಬೇಕಿತ್ತಾ?

ಅಕ್ಕಾ, ನಿನ್ನನ್ನೂ ಯಾರೂ ಕೇಳಲಿಲ್ಲ. ಅದೇ ಸರಿ ಅಂತ ನೀನು ಅಂದುಕೊಂಡೆ. ನಾನು ಅಂದುಕೊಳ್ಳುವುದಿಲ್ಲ.

ಬರುವುದಿಲ್ಲ. ಗುಂಡಿಯನ್ನು ನೀವೇ ಹಂಚಿಕೊಳ್ಳಿ.

ತಮ್ಮ


ಏಪ್ರಿಲ್ ೪

ತಮ್ಮಾ,

ನಿನ್ನ ಕಾಗದ ಓದಿ ಅವತ್ತು ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟೆ. ಸುಟ್ಟ ಅಂಗಿಯ ದುಡ್ಡು ನಿನ್ನಿಂದಲೇ ವಸೂಲಿ ಮಾಡಬೇಕು.

ಹೌದು, ನನ್ನನ್ನೂ ಯಾರೂ ಕೇಳಲಿಲ್ಲ. ಬೆಳಿಗ್ಗೆ ಶಾಲೆಗೆ ಹೊರಟವಳ ಕೈಯಿಂದ ಚೀಲ ಇಸಿದುಕೊಂಡು ಅಪ್ಪ ಅಂಗಿಯ ಗುಂಡಿ ತೂತಿಗೆ ಕಾಜಾ ಹೊಲಿಯಲು ಕೂರಿಸಿದ. ಮಧ್ಯಾಹ್ನದ ಹೊತ್ತಿಗೆ ಬೆರಳೆಲ್ಲ ತೂತು. ನಾನೂ ಎದ್ದು ಹೋಗಿದ್ದರೆ ನಿನಗೆ ಯಾರು ಹಾಲು ಕಾಯಿಸುತ್ತಿದ್ದರು? ನಿನ್ನ ಆ ಓದು, ಬಿಡಿಸುವ ತನಕವಾದರೂ ನಡೆದದ್ದು ಯಾರ ಬೆರಳಿನ ಮೇಲೆ? "ಅದೇ ಸರಿ ಅಂದುಕೊಂಡೆ" ಅಂತೆ. ಸರಿ ಅಂತ ಯಾವನು ಹೇಳಿದ? ಸರಿ ಅಂತ ಹೊಲಿಯಲಿಲ್ಲ, ಹೊಲಿಯದೆ ಗತಿ ಇರಲಿಲ್ಲ ಅಂತ ಹೊಲಿದೆ. ಈಗ ಯಂತ್ರದ ಅಲಗು ಹಿಡಿದು ನನಗೇ ಉಪದೇಶ ಮಾಡುತ್ತೀಯ.

ಮತ್ತೆ, ಹಂಚಿಕೊಳ್ಳಿ ಅಂದೆಯಲ್ಲ, ಹಾಗೆ ಅಂಚೆಯಲ್ಲಿ ಕೈ ತೊಳೆದುಕೊಳ್ಳಲು ಬರುವುದಿಲ್ಲ. ಸೋಲಬೇಕು ಅಂತಿದ್ದರೆ ಇಲ್ಲಿ ಬಂದು ಕೂತು ಸೋಲು. ನಿನ್ನ ಅಣ್ಣ ಬೆಣ್ಣೆ ಕದ್ದ ಬೆಕ್ಕಿನ ಹಾಗೆ ಬಾಯಿ ಚಪ್ಪರಿಸುತ್ತಿದ್ದಾನೆ. ನಿನ್ನ ರಾಶಿ ಮುಕ್ಕಾಲಿನಿಂದ ಅರ್ಧದ ಕಡೆಗೆ ಇಳಿಯುತ್ತಿದೆ.

ಆ ಉಕ್ಕಿನ ಕವಚ ದಿನಾ ಹಾಕಿಕೊಳ್ಳುತ್ತೀಯಾ, ಇಲ್ಲ ಸೆಕೆ ಅಂತ ತೆಗೆದಿಡುತ್ತೀಯಾ? ತೆಗೆದಿಟ್ಟರೆ ಅಲ್ಲಿಗೇ ಬಂದು ಒದೆಯುತ್ತೇನೆ.

ಅಕ್ಕ


ಜೂನ್ ೧೭

ತಮ್ಮಾ,

ನೀನು ಬರೆಯದಿದ್ದರೆ ಬೇಡ. ಸುದ್ದಿ ತಿಳಿಸುವುದಷ್ಟೇ.

ನಿನ್ನ ಅಣ್ಣ ಆಟದಿಂದ ಔಟು. ಎಂದಿನ ಹಾಗೆ ನಿನ್ನ ದೊಡ್ಡ ಬ್ಲೈಂಡಿನ ಮೇಲೆ ಕಣ್ಣು ಹಾಕಿ ಏರಿಸಿದ. ಚಿಕ್ಕ ಬ್ಲೈಂಡ್ ನನ್ನದಾಗಿತ್ತು. ನಾನು ನನ್ನ ರಾಶಿಯನ್ನು ಮೊಣಕೈಯಿಂದ ಪೂರ್ತಿ ಮುಂದಕ್ಕೆ ತಳ್ಳಿದೆ. ಅವನ ಮುಖ ನೋಡಬೇಕಿತ್ತು.

"ಏನಕ್ಕಾ ಇದು, ಆಟಾನಾ ಜಗಳಾನಾ?"

"ಎರಡೂ. ಬರ್ತೀಯಾ, ಎಸೀತೀಯಾ?"

"ನಿನ್ ಹತ್ರ ಏನೂ ಇಲ್ಲ. ಅವನ ಗುಂಡಿ ಉಳಿಸೋಕೆ ಬುರುಡೆ ಬಿಡ್ತಿದೀಯ."

"ಬುರುಡೆ ಅನ್ನಿಸಿದ್ರೆ ಬಾರೋ ಧೀರ."

ಬಂದ. ಅವನದು ರಾಣಿಯ ಜೋಡಿ. ನನ್ನದು ಒಂದು ಎಕ್ಕ, ಒಂದು ಏಳು. ನಿಜವಾಗಿ ಬುರುಡೆಯೇ. ಎಲ್ಲರಿಗೂ ಸೇರಿದ ನಡುವಿನ ಐದು ಎಲೆಯಲ್ಲಿ ಕೊನೆಯದಾಗಿ ಎಕ್ಕ ಬಿತ್ತು, ನನ್ನದು ಎಕ್ಕದ ಜೋಡಿಯಾಯಿತು. ಅವನು ಕುರ್ಚಿಯನ್ನು ಒದ್ದು ಎದ್ದ. ಹೋಗುವಾಗ ನನ್ನ ಚಾದ ಲೋಟವನ್ನೂ ಎತ್ತಿಕೊಂಡು ಹೋದ, ಇನ್ನೂ ತಂದುಕೊಟ್ಟಿಲ್ಲ.

ಈಗ ಉಳಿದಿರುವುದು ನಾನು, ನಿನ್ನ ಕುರ್ಚಿ. ಎರಡು ರಾಶಿಯೂ ಹೆಚ್ಚುಕಡಿಮೆ ಸರಿಸಮ. ನಿನ್ನದರಲ್ಲಿ ನಾಲ್ಕಾರು ಗುಂಡಿ ಜಾಸ್ತಿಯೇ ಇರಬಹುದು.

ಅಕ್ಟೋಬರ್ ದೂರವಿಲ್ಲ.

ಅಕ್ಕ


ಆಗಸ್ಟ್ ೨೬

ಲೋ ತಮ್ಮಾ,

ಅಣ್ಣ ಬರೆಯುತ್ತಿದ್ದಾನೆ ಅಂತ ಬೆಚ್ಚಬೇಡ. ನನಗೆ ಬೇಜಾರಿಲ್ಲ. ಬಸ್ ನಿಲ್ದಾಣದ ಹತ್ತಿರ ಒಂದು ತಳ್ಳುಗಾಡಿ ಹಿಡಿದು ಫೋನಿನ ಕವಚ ಮಾರುತ್ತಿದ್ದೇನೆ. ಅಂಗಡಿಗಿಂತ ವ್ಯಾಪಾರ ಚೆನ್ನಾಗಿದೆ, ಅಕ್ಕನಿಗೆ ಹೇಳಬೇಡ.

ನಿನಗೆ ಒಂದು ವಿಷಯ ಹೇಳಬೇಕು. ಅವಳು ಬರೆದಿರುವುದಿಲ್ಲ. ಮೊನ್ನೆ ಭಾನುವಾರ ಲೋಟ ವಾಪಸ್ ಕೊಡಲು ಹೋಗಿದ್ದೆ. ಒಬ್ಬಳೇ ಕೂತು ಇಬ್ಬರಿಗೆ ಹಂಚುತ್ತಿದ್ದಳು. ಸುಮ್ಮನೆ ನಿಂತು ನೋಡಿದೆ. ಇಬ್ಬರೇ ಆದಾಗ ಹಂಚಿದವರದೇ ಚಿಕ್ಕ ಬ್ಲೈಂಡ್, ನಿನಗೆ ಗೊತ್ತು. ಹಂಚುವ ಸರದಿ ನಿನ್ನದಾದಾಗ ನಿನ್ನ ಚಿಕ್ಕದು ಅವಳಿಗೆ ಹೋಗುತ್ತದೆ, ಖಾಲಿ ಕುರ್ಚಿ ಆಡುವುದಿಲ್ಲವಲ್ಲ. ಸರಿ. ಮುಂದಿನ ಸುತ್ತು ಹಂಚುವವಳು ಅವಳು, ನಿನ್ನ ದೊಡ್ಡದು ಮುಂದಿರುತ್ತದೆ. ಅವಳು ಸ್ವಲ್ಪ ಏರಿಸಿದರೆ ಸಾಕು, ಅದು ಅವಳದು. ನಾನು ಮಾಡುತ್ತಿದ್ದದ್ದು ಅದನ್ನೇ. ಅವಳು ಏನು ಮಾಡುತ್ತಾಳೆ ಗೊತ್ತಾ? ತನ್ನ ಎಲೆಯನ್ನು ತಿರುಗಿಸಿಯೂ ನೋಡದೆ ಎಸೆಯುತ್ತಾಳೆ! ಅವಳ ಚಿಕ್ಕದು ನಿನಗೆ ಬರುತ್ತದೆ. ಒಂದು ಸಲ ನಿನ್ನದು ಅತ್ತ, ಒಂದು ಸಲ ಅವಳದು ಇತ್ತ. ಬ್ಲೈಂಡ್ ಎಷ್ಟೇ ಏರಲಿ, ತಕ್ಕಡಿ ಅಲ್ಲಾಡುವುದಿಲ್ಲ. ಹೀಗೇ ಆಡಿದರೆ ಈ ಆಟ ಪ್ರಳಯದ ತನಕ ಮುಗಿಯುವುದಿಲ್ಲ ಕಣೋ.

"ಏನಕ್ಕಾ ಇದು?" ಅಂದೆ. "ನೀ ಬಂದಿದ್ದು ಲೋಟ ಕೊಡೋಕೆ ತಾನೇ? ಇಟ್ಟು ನಡಿ" ಅಂದಳು.

ಯಜಮಾನ ವಾರಕ್ಕೊಂದು ಸಲ ಬಂದು ಕೆಮ್ಮುತ್ತಿದ್ದಾನೆ. ಹೆಸರು ಹೇಳದಿದ್ದರೆ ಬೇರೆಯವರಿಗೆ ಕೊಡುತ್ತಾನಂತೆ. ನೀನು ಬಂದು ಆಡು, ಇಲ್ಲ ಅವಳಿಗೆ ಬುದ್ಧಿ ಹೇಳು. ನಾನು ಹೇಳಿದರೆ ಟೇಪಿನ ಏಟು.

ಅಣ್ಣ


ಸೆಪ್ಟೆಂಬರ್ ೨

ಅಕ್ಕಾ,

ಅಣ್ಣ ಎಲ್ಲ ಬರೆದಿದ್ದಾನೆ. ನಿನಗೆ ತಲೆ ಕೆಟ್ಟಿದೆಯಾ? ನನ್ನ ಗುಂಡಿ ಕರಗುತ್ತಿವೆ ಅಂತ ಹೆದರಿಸಿ ಹೆದರಿಸಿ ಬರೆದವಳು ನೀನು. ಈಗ ನೋಡಿದರೆ ಕಾವಲು ಕಾಯುತ್ತಿದ್ದೀಯ. ಯಾರು ಕಾಯಲು ಹೇಳಿದರು? ಇದನ್ನೂ ನನ್ನನ್ನು ಕೇಳದೇ ಮಾಡುತ್ತಿದ್ದೀಯ. ಅವತ್ತು ಕೇಳದೆ ಎತ್ತಿಟ್ಟೆ, ಈಗ ಕೇಳದೆ ಉಳಿಸುತ್ತಿದ್ದೀಯ. ನನಗೆ ಎರಡೂ ಒಂದೇ.

ಭಿಕ್ಷೆ ಬೇಡ ನನಗೆ. ಒಂದೇ ಒಂದು ಸಲ ಏರಿಸು, ಬಾಚಿಕೋ, ಮುಗಿಸು. ಅಂಗಡಿ ಕೈ ತಪ್ಪಿದರೆ ಬೀದಿಗೆ ಬೀಳುವವಳು ನೀನು, ನಾನಲ್ಲ. ಅಷ್ಟೂ ಗೊತ್ತಾಗುವುದಿಲ್ಲವಾ?

ತಮ್ಮ


ಸೆಪ್ಟೆಂಬರ್ ೬

ತಮ್ಮಾ,

ಭಿಕ್ಷೆ ಅಂದೆಯಲ್ಲ, ಆ ಮಾತಿಗೆ ಎದುರಿಗಿದ್ದಿದ್ದರೆ ಕೆನ್ನೆ ಊದಿಸುತ್ತಿದ್ದೆ. ಭಿಕ್ಷೆ ಹಾಕುವಷ್ಟು ನನ್ನ ಹತ್ತಿರ ಏನಿದೆ? ಆಟಗಾರ ಎದುರಿಗಿಲ್ಲದೆ ಗೆದ್ದರೆ ಅದು ಗೆಲುವಲ್ಲ, ಅಷ್ಟೇ. ಹಾಗೆ ಗೆಲ್ಲಲು ನಿನ್ನ ಅಣ್ಣನಿಗೆ ಬರುತ್ತದೆ, ನನಗೆ ಬರುವುದಿಲ್ಲ. ಕಲಿಯಬೇಕಿತ್ತು, ಕಲಿಯಲಿಲ್ಲ.

ಮುಗಿಸು ಅಂದೆ. ಮುಗಿಸಿದ್ದೇನೆ. ಹೇಗೆ ಅಂತ ಕೇಳು.

ಇವತ್ತು ತಿಂಗಳ ಮೊದಲ ಭಾನುವಾರ, ಬ್ಲೈಂಡ್ ಏರಿಸುವ ದಿನ. ಎಷ್ಟಕ್ಕೆ ಏರಿಸುವುದು ಅನ್ನುವುದು ಅಪ್ಪನ ಕಾಲದಿಂದಲೂ ಹಂಚುವವರ ಇಷ್ಟ. ಹಂಚುವ ಸರದಿ ನನ್ನದು. ನಿನ್ನ ರಾಶಿ ಎಷ್ಟಿದೆಯೋ ದೊಡ್ಡ ಬ್ಲೈಂಡ್ ಅಷ್ಟೇ ಅಂತ ಮಾಡಿದೆ. ನಿನ್ನ ಗುಂಡಿ ಅಷ್ಟನ್ನೂ ಎರಡು ಕೈಯಿಂದ ಬಾಚಿ ನಡುವೆ ಹಾಕಿದೆ. ಹೌದು, ಕೇಳದೆಯೇ. ಬ್ಲೈಂಡಿಗೇ ಪೂರ್ತಿ ಹೋದವನ ಎಲೆಯನ್ನು ಯಾರೂ ಎಸೆಯುವಂತಿಲ್ಲ, ನೆನಪಿದೆಯಾ? ಬಿಡುವುದಕ್ಕೆ ಅವನ ಹತ್ತಿರ ಇನ್ನೇನೂ ಉಳಿದಿರುವುದಿಲ್ಲ, ಎಲೆ ಬಿಚ್ಚಲೇಬೇಕು. ಕುರ್ಚಿ ಖಾಲಿಯಿದ್ದರೂ ಆಡುವ ದಾರಿ ಅದೊಂದೇ. ಆಮೇಲೆ ನನ್ನ ರಾಶಿಯನ್ನೂ ಪೂರ್ತಿ ಹಾಕಿದೆ, ನನ್ನ ಎಲೆ ನೋಡದೆ. ನೀನು ನೋಡಿಲ್ಲ, ನಾನು ಯಾಕೆ ನೋಡಲಿ?

ಅಂಗಡಿಯಲ್ಲಿ ಯಾರೂ ಇರಲಿಲ್ಲ. ನಡುವಿನ ಐದು ಎಲೆ ಬಿಚ್ಚಿದೆ. ನನ್ನ ಎರಡನ್ನು ಬಿಚ್ಚಿದೆ: ರಾಜ, ಗುಲಾಮ. ನಡುವಿನದಕ್ಕೆ ಒಂದೂ ಜೋಡಿಯಿಲ್ಲ. ಆದರೂ ರಾಜ ರಾಜನೇ ಅಂತ ಧೈರ್ಯ ಬಂತು. ನಿನ್ನದನ್ನು ಬಿಚ್ಚಿದೆ. ಕಳಾವರ ನಾಲ್ಕು, ಆಟೀನು ಎರಡು. ಇದಕ್ಕಿಂತ ದರಿದ್ರ ಎಲೆ ಕಟ್ಟಿನಲ್ಲಿ ಹುಡುಕಬೇಕು. ನಡುವೆ ಒಂದು ನಾಲ್ಕು ಕೂತಿತ್ತು. ನಾಲ್ಕರ ಜೋಡಿ! ರಾಜನಿಗೆ ನಾಲ್ಕು ಹೊಡೆಯಿತು.

ಎಲೆ ಕಲಸಿಬಿಟ್ಟಿದ್ದರೆ ಯಾವ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಕಲಸಲು ಕೈಯನ್ನೂ ಚಾಚಿದೆ. ಆಗಲಿಲ್ಲ. ಅದಕ್ಕೇ ಇನ್ನೂ ಸಿಟ್ಟು, ನಿನ್ನ ಮೇಲೆ, ಆ ನಾಲ್ಕರ ಮೇಲೆ, ನನ್ನ ಮೇಲೆ. ಬದುಕೆಲ್ಲ ಬಗ್ಗಿ ಹೊಲಿದ ಅಂಗಡಿ, ಇಲ್ಲಿಗೆ ಮತ್ತೆ ಕಾಲಿಡಲೂ ಒಲ್ಲದವನಿಗೆ ಹೋಯಿತು.

ಅಂಗಡಿ ನಿನ್ನದು. ಯಜಮಾನನಿಗೂ ಹೇಳಿದ್ದೇನೆ. ಸಹಿ ಹಾಕಲು ನೀನೇ ಬರಬೇಕಂತೆ. ರೆಡಿಮೇಡ್ ಇಡುತ್ತೀಯೋ, ಬೆಂಕಿ ಇಡುತ್ತೀಯೋ, ನಿನ್ನಿಷ್ಟ. ನಾನು ಕಾಜಾ ಹೊಲಿದುಕೊಂಡು ಮೂಲೆಯಲ್ಲಿ ಇರುತ್ತೇನೆ, ಬೇಡ ಅಂದರೆ ಅದೂ ಇಲ್ಲ.

ಯಾರೂ ಏನೂ ಕೇಳಲಿಲ್ಲ ಅಂತ ಬರೆದಿದ್ದೆಯಲ್ಲ. ಇಗೋ ಕೇಳುತ್ತಿದ್ದೇನೆ. ಕೇಳಿ ಅಭ್ಯಾಸವಿಲ್ಲ, ಮಾತು ಒರಟಾಗಿದ್ದರೆ ಸಹಿಸಿಕೋ. ಬರುತ್ತೀಯಾ? ಬರುವುದಿಲ್ಲ ಅಂದರೂ ನುಂಗಿಕೊಳ್ಳುತ್ತೇನೆ. ಆದರೆ ಬಾಯಿ ಬಿಟ್ಟು ಹೇಳು.

ಅಕ್ಕ


ಅಕ್ಟೋಬರ್ ೩

ಎಲವೋ ಅಯೋಗ್ಯ,

ಬೆಳಿಗ್ಗೆ ಯಜಮಾನ ಬಂದ. ಅರ್ಧ ಗಂಟೆ ಕೆಮ್ಮಿ, ಕರಾರಿನ ಕಾಗದ ಮೇಜಿನ ಮೇಲೆ ಇಟ್ಟ. ನೋಡಿದರೆ ನನ್ನ ಹೆಸರು.

"ಇದೇನು ಸ್ವಾಮಿ?" ಅಂದೆ.

"ನಿಮ್ಮ ತಮ್ಮ ನಿನ್ನೆ ಮನೆಗೆ ಬಂದಿದ್ರು. ನನ್ನದೇನಿದ್ರೂ ಅಕ್ಕನ ಹೆಸ್ರಿಗೆ ಬರೀರಿ ಅಂದ್ರು. ಬರೆದು ಸಹಿ ಹಾಕಿ ಕೊಟ್ಟೇ ಹೋದ್ರು."

ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿದ್ದ ಹಾಗೇ ಬಸ್ ನಿಲ್ದಾಣಕ್ಕೆ ಓಡಿದೆ. ನಿನ್ನೆ ಹೋದವನು ಇವತ್ತು ಸಿಗುತ್ತಾನೆಯೇ? ಬುದ್ಧಿ ಎಲ್ಲಿತ್ತೋ. ನಿನ್ನ ಅಣ್ಣ ಗಾಡಿ ಬಿಟ್ಟು ಬಂದು ನನ್ನನ್ನು ಹಿಡಿದುಕೊಂಡ. ಅವನಿಗೂ ನೀನು ಸಿಕ್ಕಿರಲಿಲ್ಲವಂತೆ.

ವಾಪಸ್ ಬರುವಾಗ ಎದುರಿನ ಚಾ ಅಂಗಡಿಯವನು ಕೂಗಿ ಹೇಳುತ್ತಾನೆ: "ನಿನ್ನೆ ನಿಮ್ ತಮ್ಮ ಇಲ್ಲೇ ನಿಂತು ಎರಡು ಚಾ ಕುಡಿದ್ರು. ನೀವು ಯಾರಿಗೋ ಪ್ಯಾಂಟಿನ ಉದ್ದಕ್ಕೆ ಬೈತಾ ಇದ್ರಿ. ಅಕ್ಕ ಹಾಗೇ ಇದಾಳೆ ಅಂತ ನಕ್ರು. ಕಣ್ಣು ಒರೆಸ್ಕೊಂಡ್ರು, ಹೋದ್ರು."

ರಸ್ತೆ ದಾಟಲು ಆಗಲಿಲ್ಲವೇನೋ ನಿನಗೆ? ಇಪ್ಪತ್ತು ಹೆಜ್ಜೆಯೂ ಇಲ್ಲ! ನಾನೇನು ಹುಲಿಯಾ?

ಕರಾರಿಗೆ ಸಹಿ ಹಾಕಿದೆ, ಹಾಕದೆ ಏನು ಮಾಡಲಿ. ಹಾಗಂತ ಸಂತೋಷವಾಗಿದ್ದೇನೆ ಅಂದುಕೊಳ್ಳಬೇಡ. ನಾನು ನಿನ್ನನ್ನು ಕೇಳಿದ್ದು ಬರುತ್ತೀಯಾ ಅಂತ. ಕೊಡುತ್ತೀಯಾ ಅಂತ ಕೇಳಿರಲಿಲ್ಲ.

ಶುಕ್ರವಾರ ಅಂಗಡಿಗೆ ಬೀಗ ಹಾಕಿ ಬೆಳಗಿನ ಬಸ್ಸು ಹತ್ತುತ್ತಿದ್ದೇನೆ. ಕಾರ್ಖಾನೆ ಎಷ್ಟು ಹೊತ್ತಿಗೆ ಬಿಡುತ್ತದೋ ಅಷ್ಟು ಹೊತ್ತಿನ ತನಕ ಬಾಗಿಲಲ್ಲಿ ನಿಂತಿರುತ್ತೇನೆ. ಹಿಂದಿನ ಬಾಗಿಲಿನಿಂದ ಜಾರಿಕೊಂಡರೆ ಕಾಲು ಮುರಿಯುತ್ತೇನೆ. ಬೈಯುವುದು ಬಹಳ ಇದೆ, ಕಾಗದದಲ್ಲಿ ಹಿಡಿಸುವುದಿಲ್ಲ.

ಅಕ್ಕ